ಮೆಕ್ಸಿಕೋದ ಆ ಮೆರವಣಿಗೆ ಅಷ್ಟೇನೂ ಹಳೆಯದಲ್ಲ

ದೊಡ್ಡ ದೊಡ್ಡ ಅಸ್ಥಿಪಂಜರದ ಗೊಂಬೆಗಳು, ಬುರುಡೆ ಬಣ್ಣ ಹಚ್ಚಿಕೊಂಡ ಜನ, ಡೋಲು, ಕುಣಿತ. ಮೆಕ್ಸಿಕೋ ಸಿಟಿಯ ಈ ವಿಡಿಯೋ ಜೊತೆ 'ಸಾವಿರಾರು ವರ್ಷಗಳಿಂದ ನಡೆದು ಬಂದ ಸತ್ತವರ ದಿನದ ಮೆರವಣಿಗೆ' ಅಂತ ಬರೆದು ಹಂಚುತ್ತಿದ್ದಾರೆ. ಅದು ತಪ್ಪು.

ಈ ಮೆರವಣಿಗೆ ಶುರುವಾಗಿದ್ದು 2016ರ ಅಕ್ಟೋಬರ್‌ನಲ್ಲಿ. ಅದಕ್ಕೆ ಕಾರಣ ಒಂದು ಸಿನಿಮಾ! 2015ರ ಜೇಮ್ಸ್ ಬಾಂಡ್ ಚಿತ್ರ 'ಸ್ಪೆಕ್ಟರ್' ಇಂಥದ್ದೇ ಮೆರವಣಿಗೆಯಿಂದ ಶುರುವಾಗುತ್ತದೆ. ಅದು ಚಿತ್ರತಂಡದ ಕಲ್ಪನೆ. ಸಿನಿಮಾ ನೋಡಿದ ಪ್ರವಾಸಿಗರು ಹುಡುಕಿಕೊಂಡು ಬರ್ತಾರೆ ಅಂತ ಅಲ್ಲಿನವರು ಮರುವರ್ಷ ನಿಜವಾಗಿಯೂ ನಡೆಸಿಬಿಟ್ಟರು.

ಹಾಗಂತ ಹಬ್ಬವೇ ಸುಳ್ಳು ಅಂದುಕೊಳ್ಳಬೇಡಿ. ಹಬ್ಬ ಬಹಳ ಹಳೆಯದು, ಆದರೆ ಅದು ಇರುವುದು ಮನೆಯಲ್ಲಿ, ಸ್ಮಶಾನದಲ್ಲಿ. ನವೆಂಬರ್ 1 ಮತ್ತು 2ರಂದು ಮೇಜಿನ ಮೇಲೆ ತೀರಿಕೊಂಡವರ ಫೋಟೋ, ಮೇಣದ ಬತ್ತಿ, ಒಂದು ಲೋಟ ನೀರು, ಸ್ವಲ್ಪ ಉಪ್ಪು, ಅವರಿಗೆ ಇಷ್ಟವಾದ ತಿಂಡಿ ಇಡ್ತಾರೆ. ತೀರಿಕೊಂಡವರಿಗೆ ಮನೆಯ ದಾರಿ ತೋರಿಸಲಿ ಅಂತ ಚೆಂಡು ಹೂವಿನ ಎಸಳು ಚೆಲ್ಲುತ್ತಾರೆ. (ನಾವು ಹಬ್ಬಕ್ಕೆ ಮಾರುಗಟ್ಟಲೆ ಕೊಳ್ಳುವ ಚೆಂಡು ಹೂವಿನ ತವರೂ ಮೆಕ್ಸಿಕೋನೇ.)

ಇದು ಹ್ಯಾಲೋವೀನ್ (ದೆವ್ವ-ಭೂತದ ವೇಷ ಹಾಕುವ ಪಾಶ್ಚಾತ್ಯ ಹಬ್ಬ) ಅಲ್ಲ ಅಂತ ಅಲ್ಲಿನ ಅನೇಕರು ಬಿಡಿಸಿ ಹೇಳ್ತಾರೆ. ಹೆದರಿಸೋಕಲ್ಲ, ತೀರಿಕೊಂಡ ಮನೆಯವರು ಒಂದು ರಾತ್ರಿ ಬಂದು ಹೋಗಲಿ ಅಂತ ಅಷ್ಟೇ.