ಕೋಡ್ ಬರೆಯುವವನಿಗೆ ಬಾಯಿ ಯಾಕೆ?

ಒಂದು ಕಬ್ಬಿನ ಆ್ಯಪ್ ಕಥೆ ಕೇಳಿ. ಮಂಡ್ಯ ರೈತರನ್ನು ಉದ್ಧಾರ ಮಾಡುತ್ತೇವೆ ಅಂತ ಮೈಸೂರು ರಿಂಗ್ ರೋಡ್ ಪಕ್ಕದ ಕಂಪನಿ ಬಿಟ್ಟಿದ್ದು. ಹಾರ, ಶಾಲು, ಮೈಸೂರು ಪೇಟ ಎಲ್ಲ ಆಯಿತು. ಆಮೇಲೆ ಸದ್ದಿಲ್ಲದೆ ಮುಚ್ಚಿದ್ದೂ ಆಯಿತು.

ಆದರೂ ಆ್ಯಪ್ ಸಾಮಾನ್ಯದ್ದಲ್ಲ. ಗದ್ದೆಯಲ್ಲಿ ನಿಂತು ಕಬ್ಬಿನ ಜೊತೆ ಸೆಲ್ಫಿ ಕಳಿಸಿದರೆ ನಕ್ಷತ್ರ ಕೊಡುತ್ತಿತ್ತು. ಐದು ನಕ್ಷತ್ರ ಸೇರಿದರೆ ‘ಕೇನ್ ಚಾಂಪಿಯನ್’ ಬಿರುದು, ಅದೂ ಇಂಗ್ಲಿಷಿನಲ್ಲಿ. ರೈತನಿಗೆ ಇನ್ನೇನು ಬೇಕು ಹೇಳಿ?

ಇದಕ್ಕೆ ಕೋಡ್ ಬರೆದ ಹುಡುಗರಲ್ಲಿ ಒಬ್ಬ ಪಾಂಡವಪುರದ ಕಡೆಯವನು. ಅಪ್ಪನದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಕಬ್ಬು. ಕಬ್ಬು ಬೆಳೆದವನ ತಲೆಬಿಸಿ ಇವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಬ್ಬು ಮಾಗಿರುತ್ತದೆ, ಕಡಿಯಿರಿ ಅಂತ ಫ್ಯಾಕ್ಟರಿಯ ಕಟಿಂಗ್ ಆರ್ಡರ್ ಬರುವುದಿಲ್ಲ. ಫ್ಯಾಕ್ಟರಿಯ ಫೀಲ್ಡ್‌ಮ್ಯಾನ್ ಫೋನ್ ಎತ್ತುವುದಿಲ್ಲ. ಸೂಲಂಗಿ (ಕಬ್ಬಿನ ಹೂ) ಬರುತ್ತದೆ, ತೂಕ ಇಳಿಯುತ್ತದೆ. ಆರ್ಡರ್ ಬಂದ ದಿನ ಕಡಿಯುವ ಆಳು ಸಿಗುವುದಿಲ್ಲ. ಕಡಿದದ್ದು ಫ್ಯಾಕ್ಟರಿ ಮುಂದೆ ಸಾಲಲ್ಲಿ ನಿಂತು ಒಣಗುತ್ತದೆ. ಸಾಕಪ್ಪಾ ಅಂತ ಆಲೆಮನೆಗೆ ಹಾಕೋಣ ಅಂದರೆ ಬೆಲ್ಲದ ರೇಟು ಬಿದ್ದಿರುತ್ತದೆ. ‘ನಮ್ಮ ಸರದಿ ಯಾವತ್ತು ಅಂತ ಒಂದು ಎಸ್ಸೆಮ್ಮೆಸ್ ಬಂದಿದ್ರೆ ಸಾಕಿತ್ತು ಸಾರ್’ ಅಂತಾನೆ ಹುಡುಗ. ಅದು ಎರಡು ವಾರದ ಕೆಲಸವಂತೆ. ಸೆಲ್ಫಿಗೆ ಹಿಡಿದದ್ದು ಎಂಟು ತಿಂಗಳು.

ಅಪ್ಪನಿಗೆ ಆ್ಯಪ್ ತೋರಿಸಿದನಂತೆ. ‘ಗದ್ದೇಲಿ ಸಿಗ್ನಲ್ ಎಲ್ಲೈತ್ಲಾ ಮಗ?’ ಅಂದರಂತೆ ಅವರು.

ಹಾಗಂತ ಕಂಪನಿಯವರು ಹುಡುಗನನ್ನು ಏನೂ ಕೇಳಲೇ ಇಲ್ಲ ಅನ್ನಬೇಡಿ. ‘ಯಾವಾಗ ಮುಗಿಯುತ್ತೆ?’ ಅಂತ ದಿನಾ ಕೇಳುತ್ತಿದ್ದರು. ಅವರು ಅಜೈಲ್ ಜನ, ಅಂದರೆ ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಿ, ಆಗಾಗ ತೋರಿಸಿ ತಿದ್ದಿಕೊಳ್ಳುವ ಪದ್ಧತಿಯವರು. ಆ ಅಜೈಲ್ ಪ್ರಣಾಳಿಕೆಯನ್ನು 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಕೂತು ಬರೆದರು. ವ್ಯವಹಾರದವರೂ ಕೋಡ್ ಬರೆಯುವವರೂ ದಿನಾ ಜೊತೆಯಲ್ಲಿ ಕೆಲಸ ಮಾಡಬೇಕು ಅನ್ನುವುದು ಅದರ ತತ್ವಗಳಲ್ಲೇ ಇದೆ. ನಮ್ಮಲ್ಲಿ ಬೆಳಗ್ಗೆ ಎಲ್ಲರೂ ಎದ್ದು ನಿಂತು ಹಾಜರಿ ಒಪ್ಪಿಸುತ್ತಾರೆ. ಅಲ್ಲಿಗೆ ಅಜೈಲ್ ಮುಗಿಯಿತು.

ಏನು ಕಟ್ಟಬೇಕು ಅಂತ ತೀರ್ಮಾನಿಸುವ ಪ್ರಾಡಕ್ಟ್ ಹೆಡ್ ಬರುವುದು ಬೆಂಗಳೂರಿನಿಂದ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆಯಿತಲ್ಲ, ಮಂಡ್ಯದೊಳಗೆ ಕಾಲಿಡುವ ಕಷ್ಟವೂ ತಪ್ಪಿತು. ಮೊದಲಾದರೆ ವಡೆ ತಿನ್ನೋಕಾದರೂ ಮದ್ದೂರಲ್ಲಿ ಇಳಿಯುತ್ತಿದ್ದರು, ಅಕಸ್ಮಾತ್ ಪಕ್ಕದ ಟೇಬಲ್ಲಿನಲ್ಲಿ ಒಬ್ಬ ರೈತ ಕಣ್ಣಿಗೆ ಬೀಳುತ್ತಿದ್ದ. ಈಗ ವಡೆಯೂ ಬೈಪಾಸ್, ರೈತನೂ ಬೈಪಾಸ್.

ಹುಡುಗರಿಗೆ ಐಡಿಯಾ ಬರೋಕೆ ಅನುಮತಿಯೇ ಇಲ್ಲ ಅಂತಲ್ಲ. ವರ್ಷಕ್ಕೊಂದು ರಾತ್ರಿ ಇದೆ, ತೋಚಿದ್ದನ್ನು ಕೋಡ್ ಮಾಡಿ ತೋರಿಸುವ ಸ್ಪರ್ಧೆ, ಹ್ಯಾಕಥಾನ್ ಅಂತ. ಪಿಜ್ಜಾ, ಟೀಶರ್ಟ್, ಗ್ರೂಪ್ ಫೋಟೋ. ನಮ್ಮ ಹುಡುಗ ಆ ಎಸ್ಸೆಮ್ಮೆಸ್‌ನ ಮಾದರಿಯೊಂದನ್ನು ಮಾಡಿಯೇ ತೋರಿಸಿದ. ಎರಡನೇ ಬಹುಮಾನ ಅಂತ ನೀರಿನ ಬಾಟಲಿ ಕೊಟ್ಟರು. ಮೊದಲನೆಯದು ಕಬ್ಬಿಗೆ ಬ್ಲಾಕ್‌ಚೈನ್ (ಬಿಟ್‌ಕಾಯಿನ್ ಹಿಂದಿನ ಲೆಕ್ಕದ ತಂತ್ರ) ಹಾಕಿದವನಿಗೆ ಹೋಯಿತು. ಆದರೆ ಹುಡುಗರ ಐಡಿಯಾ ಏನು ಮಾಡಬಲ್ಲದು ನೋಡಿ: ಜೀಮೇಲ್ ಶುರುವಾಗಿದ್ದು ಗೂಗಲ್‌ನ ಪಾಲ್ ಬುಕೈಟ್ ಅನ್ನುವ ಇಂಜಿನಿಯರ್ ತನ್ನದೇ ಮೇಲ್‌ಗಳನ್ನು ಹುಡುಕಿಕೊಳ್ಳಲು ಏನೋ ಬರೆದುಕೊಂಡದ್ದರಿಂದ. 2004ರ ಏಪ್ರಿಲ್ 1ಕ್ಕೆ ಅದು ಹೊರಬಂದಾಗ ಜನ ತಮಾಷೆ ಅಂದುಕೊಂಡರು. ಆ ಪುಣ್ಯಾತ್ಮ ನಮ್ಮ ರಿಂಗ್ ರೋಡಿನಲ್ಲಿದ್ದಿದ್ದರೆ ‘ಇದಕ್ಕೆ ಟಿಕೆಟ್ ನಂಬರ್ (ಮೇಲಿನವರು ಒಪ್ಪಿದ ಕೆಲಸದ ನಂಬರ್) ಎಲ್ಲಿದೆ?’ ಅಂತ ಮೇಲಿನವರು ಮೊದಲು ಕೇಳುತ್ತಿದ್ದರು.

ಸಾಕಾಯಿತು ಸ್ವಾಮಿ. ಯಾವುದು ಎರಡು ದಿನದ ಕೆಲಸ, ಯಾವುದು ಆರು ತಿಂಗಳದ್ದು ಅಂತ ಗೊತ್ತಿರುವುದು ಆ ಹುಡುಗರಿಗೆ. ಜನ ಆ್ಯಪ್ ತೆರೆದು ಎಲ್ಲಿ ಬೇಸತ್ತು ಮುಚ್ಚುತ್ತಾರೆ ಅಂತ ಮೊದಲು ಕಾಣುವುದೂ ಅವರಿಗೇ. ಅವರನ್ನು ಒಂದು ದಿನ ಗದ್ದೆ ಬದುವಿಗೆ ಕಳಿಸಿ, ನೋಡಿಕೊಂಡು ಬಂದದ್ದನ್ನು ಕೂತು ಕೇಳಿ. ಅವರು ಹೇಳಿದ್ದೆಲ್ಲ ಸರಿ ಇರಲಿಕ್ಕಿಲ್ಲ, ಇಂಜಿನಿಯರ್‌ಗಳೂ ಬೇಡದ್ದನ್ನು ಕಟ್ಟೋದರಲ್ಲಿ ನಿಸ್ಸೀಮರೇ. ಆದರೆ ಎಂಟು ತಿಂಗಳ ಸಂಬಳ ನೀರಿಗೆ ಹಾಕುವ ಮುಂಚೆ ‘ಇದು ಯಾಕೆ ಬೇಕು?’ ಅಂತ ಕೇಳುವವನಿಗೂ ಮೀಟಿಂಗ್‌ನಲ್ಲಿ ಒಂದು ಕುರ್ಚಿ ಹಾಕೋಕೆ ನಿಮಗೇನು ರೋಗ?