ಗೋಡೆಗೆ ಕೈ ಎಟುಕೋ ವಯಸ್ಸು

ಚಿಕ್ಕ ಮಕ್ಕಳಿರೋ ಮನೆಗೆ ಹೋದ್ರೆ ನಾನು ಮೊದಲು ನೋಡೋದು ಗೋಡೆ. ಅದೂ ಮೇಲ್ಗಡೆ ಅಲ್ಲ, ಮೇಲ್ಗಡೆ ಎಲ್ಲರ ಮನೇಲೂ ಅದೇ ಮದುವೆ ಫೋಟೋ, ಅದೇ ಗಡಿಯಾರ, ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್. ನೆಲದಿಂದ ಮೂರಡಿ ಒಳಗೆ ಏನಿದೆ ಅಂತ ನೋಡ್ಬೇಕು. ಮನೇಲಿ ಎಷ್ಟು ಮಕ್ಕಳಿದಾವೆ, ಏನು ವಯಸ್ಸು, ಅಪ್ಪ ಅಮ್ಮಂಗೆ ತಾಳ್ಮೆ ಎಷ್ಟಿದೆ, ಮನೆ ಸ್ವಂತದ್ದಾ ಬಾಡಿಗೇದಾ, ಎಲ್ಲ ಅಲ್ಲೇ ಗೊತ್ತಾಗತ್ತೆ. ತೀರಾ ಕ್ಲೀನಾಗಿದ್ರೆ ಒಂದೋ ಮಕ್ಕಳು ಹಗಲೆಲ್ಲ ಅಜ್ಜಿ ಮನೇಲಿರ್ತಾರೆ, ಇಲ್ಲಾ ಹೋದ ವಾರವಷ್ಟೇ ಪೇಂಟಿಂಗ್ ಆಗಿದೆ.

ನಮ್ಮನೇಲಿ ಇಬ್ಬರು. ದೊಡ್ಡವಳಿಗೆ ಐದು, ಚಿಕ್ಕವನಿಗೆ ಎರಡು ದಾಟಿ ಸ್ವಲ್ಪ. ಬೆಂಗಳೂರಲ್ಲಿ ಎರಡನೇ ಮಹಡಿ ಬಾಡಿಗೆ ಮನೆ, ಹಾಲಿನ ಗೋಡೆಗೆ ಓನರ್ ಅಂಕಲ್ ಆಸೆಪಟ್ಟು ಹೊಡೆಸಿರೋ ಕೆನೆ ಬಣ್ಣ. ಈಗ ಅದನ್ನ ಕೆಳಗಿಂದ ಮೇಲಕ್ಕೆ ಓದ್ಕೊಂಡು ಹೋದ್ರೆ ದೊಡ್ಡವಳ ಬಾಲ್ಯ ಪೂರ್ತಿ ಸಿಗತ್ತೆ. ಎಲ್ಲಕ್ಕಿಂತ ಕೆಳಗೆ ಅಡ್ಡಡ್ಡ ಗೆರೆಗಳು. ಒಂದೂವರೆ ವರ್ಷದಲ್ಲಿ ಮಣಿಕಟ್ಟು ಆಡಿಸೋಕೆ ಎಲ್ಲಿ ಬರತ್ತೆ, ಭುಜದಿಂದ ಇಡೀ ಕೈ ಬೀಸೋದು, ಹಾಗಾಗಿ ಗೆರೆಗಳೆಲ್ಲ ಬಾಗ್ಕೊಂಡಿದಾವೆ. ಅದರ ಮೇಲೆ ಕ್ರೆಯಾನ್ ಎತ್ತೋದೇ ಮರೆತುಹೋದ ಸುರುಳಿಗಳು. ಮೂರು ವರ್ಷದ ಹೊತ್ತಿಗೆ ಸುರುಳಿ ನಿಂತು ಒಂದು ಸೊನ್ನೆ ಬಂತು, ಹೊರಟಲ್ಲಿಗೇ ವಾಪಸ್ ಬಂದು ಮುಚ್ಕೊಳ್ಳೋ ಸೊನ್ನೆ. ಮಕ್ಕಳ ಡಾಕ್ಟ್ರು ಬೆಳವಣಿಗೆ ನೋಡೋವಾಗ ಕೇಳೋದೂ ಇದನ್ನೇ, ಮೂರಕ್ಕೆ ಸೊನ್ನೆ ನೋಡ್ಕೊಂಡು ಬರೀತಾಳಾ, ನಾಲ್ಕರ ಹೊತ್ತಿಗೆ ಕೂಡೋ ಗುರುತು, ಆಮೇಲೆ ಚೌಕ, ಐದಕ್ಕೆ ತ್ರಿಕೋನ ಅಂತ. ತ್ರಿಕೋನಕ್ಕೆ ಮೂರೇ ಗೆರೆ, ಅದು ಚೌಕಕ್ಕಿಂತ ಸುಲಭ ಇರ್ಬೇಕಲ್ವಾ ಅನಿಸತ್ತೆ. ಆದ್ರೆ ಓರೆ ಗೆರೆ ಎಳೆಯೋದು ಕೈಗೆ ತಡವಾಗಿ ಬರೋ ವಿದ್ಯೆ. ಅದಕ್ಕೇ ಇವಳು ಕಟ್ಟಿದ ಮನೆಗಳಿಗೆ ಬಹಳ ದಿನ ಛಾವಣಿನೇ ಇರಲಿಲ್ಲ, ಮಳೆ ಮಾತ್ರ ಜೋರಾಗಿ ಬರ್ತಿತ್ತು.

ಸೊನ್ನೆ ಬಂದ ಮೇಲೆ ಜನ ಬಂದ್ರು. ಅದೇ ಸೊನ್ನೆಗೆ ಎರಡು ಕಣ್ಣು, ಒಂದು ಬಾಯಿ, ಗಲ್ಲದಿಂದ ಡೈರೆಕ್ಟಾಗಿ ಎರಡು ಕಾಲು. ಕುತ್ತಿಗೆ ಇಲ್ಲ, ಕೈ ಇದ್ರೆ ಅದು ಕಿವಿ ಇರ್ಬೇಕಾದ ಜಾಗದಿಂದ ಹೊರಟಿರತ್ತೆ. ಮಕ್ಕಳ ಚಿತ್ರ ಅಧ್ಯಯನ ಮಾಡೋರು ಇದನ್ನ ಗೊದಮೊಟ್ಟೆ ಮನುಷ್ಯ ಅಂತಾರೆ, ಎಷ್ಟೋ ದೇಶದ ಮೂರು ನಾಲ್ಕು ವರ್ಷದ ಮಕ್ಕಳು ಮನುಷ್ಯರನ್ನ ಹೀಗೇ ಶುರು ಮಾಡ್ತಾರಂತೆ, ಯಾರೂ ಹೇಳ್ಕೊಟ್ಟಿರಲ್ಲ. ಫ್ರಿಜ್ ಪಕ್ಕ ಇರೋ ಅಪ್ಪನ ಕಾಲು ಸ್ಕರ್ಟಿಂಗ್ ಟೈಲ್ಸ್ ತನಕ ಇಳಿದಿದೆ. ಅದರ ಪಕ್ಕದಲ್ಲಿ ನಾನು.

"ಇದ್ಯಾರೇ?"

"ನೀನು."

"ನಂಗೆ ಹೊಟ್ಟೆ ಇಲ್ವಾ?"

ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿದ್ಲು. "ಇದೆ. ಜಾಗ ಸಾಲಲಿಲ್ಲ."

ಪೇಪರ್ ಕೊಡಲಿಲ್ವಾ ಅಂತ ಬಂದವರೆಲ್ಲ ಕೇಳ್ತಾರೆ. ಕೊಡದೇ ಏನು, ಎ ಫೋರ್ ಶೀಟು, ಆಫೀಸಲ್ಲಿ ಒಂದು ಕಡೆ ಪ್ರಿಂಟ್ ಆಗಿರೋ ಹಾಳೆ, ಹಳೇ ಡೈರಿ, ಮದುವೆ ಕಾಗದದ ಹಿಂಭಾಗ, ಎಲ್ಲ ಇದೆ. ಆದ್ರೆ ನೀವೇ ಒಂದ್ಸಲ ಎರಡು ವರ್ಷದವರ ಲೆಕ್ಕದಲ್ಲಿ ಯೋಚನೆ ಮಾಡಿ. ಪೇಪರು ಜಾರತ್ತೆ, ಅದನ್ನ ಹಿಡ್ಕೊಳ್ಳೋಕೆ ಇನ್ನೊಂದು ಕೈ ಬೇಕು, ಆ ಕೈಯಲ್ಲಿ ಬಿಸ್ಕೆಟ್ ಇರತ್ತೆ. ಬಗ್ಗಿ ಕೂತ್ಕೋಬೇಕು. ಫ್ಯಾನ್ ಹಾಕಿದ್ರೆ ಹಾರತ್ತೆ. ಇಷ್ಟೆಲ್ಲಾ ಕಷ್ಟಪಟ್ಟು ಬರೆದಿದ್ದನ್ನ ದೊಡ್ಡವರು "ಅಯ್ಯೋ ಎಷ್ಟು ಚೆನ್ನಾಗಿದೆ ಪುಟ್ಟಾ" ಅಂತ ಹೇಳಿ ಸಂಜೆಗೆ ಹಳೇ ಪೇಪರ್ ಜೊತೆ ಸೇರಿಸಿಬಿಡ್ತಾರೆ. ಗೋಡೆ ಹಾಗಲ್ಲ. ಜಾರಲ್ಲ, ಹಾರಲ್ಲ, ನಿಂತ್ಕೊಂಡು ಬರೀಬಹುದು, ಕೈ ಎಷ್ಟು ದೂರ ಹೋಗತ್ತೋ ಅಷ್ಟು ದೂರಾನೂ ಜಾಗ ಇದೆ, ಬೆಳಿಗ್ಗೆ ಎದ್ದು ಬಂದು ನೋಡಿದ್ರೆ ನಿನ್ನೆ ಬರೆದಿದ್ದು ಅಲ್ಲೇ ಇರತ್ತೆ. ಜೊತೆಗೆ ಪೇಪರ್ ಮೇಲೆ ಬರೆದಾಗ ಯಾರೂ ಅಡಿಗೆಮನೆಯಿಂದ ಓಡಿ ಬರಲ್ಲ.

ನನ್ನ ಅನುಮಾನ ಏನಪ್ಪಾ ಅಂದ್ರೆ, ಮಕ್ಕಳು ಗೋಡೆ ಮೇಲೆ ಗೀಚೋದು ಹಿಂದಿಂದಲೂ ಹೀಗೇ ಇತ್ತು, ಗೋಡೆ ಬದಲಾಗಿದೆ. ನಮ್ಮಮ್ಮನ ತವರು ಸಾಗರದ ಕಡೆ. ಆ ಮನೇಲಿ ಮಳೆಗಾಲ ಮುಗೀತು ಅಂದ್ರೆ ದೀಪಾವಳಿಗೆ ಮುಂಚೆ ಸುಣ್ಣ ಬಳಿಯೋ ಕೆಲಸ. ಸುಟ್ಟ ಸುಣ್ಣದ ಕಲ್ಲನ್ನ ಡ್ರಮ್ಮಿಗೆ ಹಾಕಿ ನೀರು ಸುರಿದ್ರೆ ಒಲೆನೇ ಇಲ್ಲದೆ ಕೊತಕೊತ ಕುದಿಯೋದು, ಹತ್ರ ಬಂದ್ರೆ ಕಣ್ಣು ಹೋಗತ್ತೆ ಅಂತ ನಮ್ಮನ್ನೆಲ್ಲ ಅಂಗಳದ ಆ ತುದಿಗೆ ಓಡಿಸ್ತಿದ್ರು. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ, ಬಿಳುಪು ಎದ್ದು ಕಾಣ್ಲಿ ಅಂತ ಚೂರು ನೀಲಿ ಬೆರೆಸಿ, ಗೋಡೆಗೆ ಬಳಿಯೋರು. ಬಳಿಯೋವಾಗ ನೀರು ನೀರಾಗಿ ಏನೂ ಕಾಣದೇ ಇದ್ದಿದ್ದು ಒಣಗ್ತಾ ಒಣಗ್ತಾ ಬೆಳ್ಳಗಾಗೋದು, ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಸುಣ್ಣ ಮತ್ತೆ ಕಲ್ಲಾಗತ್ತಂತೆ, ಸ್ಕೂಲಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಹೇಳಿದಾಗ ನಂಗೆ ನೆನಪಾಗಿದ್ದು ಆ ಮನೆ ಗೋಡೆನೇ. ಕೆಳಗಡೆ ಎರಡು ಮೂರಡಿಗೆ ಕೆಮ್ಮಣ್ಣು. ಎಷ್ಟು ಬುದ್ಧಿವಂತರು ನೋಡಿ, ಮಕ್ಕಳ ಕೈ, ನಾಯಿ ಬಾಲ, ಕೆಸರು, ಎಲ್ಲ ತಾಗೋ ಎತ್ತರಕ್ಕೆ ಕೊಳೆ ಕಾಣದ ಬಣ್ಣ.

ಆ ಗೋಡೆ ಮೇಲೆ ನಾವು ಇದ್ದಿಲಲ್ಲಿ ಬರೆದಿದೀವಿ, ಬಳಪದಲ್ಲಿ ಬರೆದಿದೀವಿ. ಯಾರಾದ್ರೂ ಬೈದ್ರೂ ಅದರಲ್ಲಿ ಜೋರಿರಲಿಲ್ಲ. ಹೇಗಿದ್ರೂ ದೀಪಾವಳಿಗೆ ಎಲ್ಲ ಅಳಿಸಿಹೋಗತ್ತೆ, ವರ್ಷಕ್ಕೊಂದ್ಸಲ ಒರೆಸೋ ಸ್ಲೇಟಿಗೆ ಯಾರು ತಲೆಕೆಡಿಸ್ಕೋತಾರೆ. ಮತ್ತೆ ದೊಡ್ಡವರೇನು ಸುಮ್ನಿರ್ತಿದ್ರಾ? ಅಡಿಗೆಮನೆ ಬಾಗಿಲ ಪಕ್ಕ ಹಾಲಿನ ಲೆಕ್ಕ, ದಿನಕ್ಕೊಂದು ಗೀಟು. ದನ ಯಾವಾಗ ಗಬ್ಬ ಆಗಿದ್ದು ಅಂತ ಕೊಟ್ಟಿಗೆ ಗೋಡೆ ಮೇಲೆ ತಾರೀಖು. ಆಮೇಲೆ ಫೋನ್ ಬಂದ ಮೇಲಂತೂ ಫೋನಿನ ಸುತ್ತಮುತ್ತ ಇಡೀ ಊರಿನ ನಂಬರು, ಹೆಸರಿಲ್ಲದೆ ಬರೀ ನಂಬರು, ಅದು ಯಾರದ್ದು ಅಂತ ಬರೆದವರಿಗೂ ಗೊತ್ತಿರ್ತಿರಲಿಲ್ಲ.

ಅದೇ ಸಾಗರ ಸೊರಬದ ಕಡೆ ದೀವರು ಅನ್ನೋ ಸಮುದಾಯದವರ ಮನೆಗಳಲ್ಲಿ ಹಸೆ ಚಿತ್ತಾರ ಬರೀತಾರಲ್ಲ, ಮದುವೆ ಮನೇಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆ ಎಳೆಯಾಗಿ ಬರೆಯೋದು, ಮದುಮಕ್ಕಳನ್ನ ಅದರ ಮುಂದೆಯೇ ಕೂರಿಸೋದು. ಈಗ ಅದನ್ನೇ ಕ್ಯಾನ್ವಾಸ್ ಮೇಲೆ ಬರೆಸಿ ಫ್ರೇಮ್ ಹಾಕಿ ಎಕ್ಸಿಬಿಷನ್ನಲ್ಲಿ ಮಾರ್ತಾರೆ. ನಾನೂ ಒಂದು ತಂದು ಹಾಲಲ್ಲಿ ನೇತುಹಾಕಿದೀನಿ. ಗೋಡೆ ಮೇಲೆ ಬರೀಬೇಕಾಗಿದ್ದನ್ನ ಬಟ್ಟೆ ಮೇಲೆ ಬರೆಸಿ, ಆ ಬಟ್ಟೆನ ಗೋಡೆಗೆ ಹಾಕಿ, ಅದರ ಕೆಳಗೆ ನಿಂತ್ಕೊಂಡು "ಗೋಡೆ ಮೇಲೆ ಬರೀಬಾರದು ಕಂದಾ" ಅಂತ ಮಗಳಿಗೆ ಹೇಳೋದು. ಅವಳು ಒಂದ್ಸಲ ಮೇಲೆ ನೋಡಿದ್ಲು, ಒಂದ್ಸಲ ನನ್ನ ನೋಡಿದ್ಲು, ಪಾಪ ಏನೂ ಹೇಳಲಿಲ್ಲ.

ಈಗಿನ ಗೋಡೆಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್. ಐದಾರು ವರ್ಷ ಮುಟ್ಟೋ ಹಾಗಿಲ್ಲ. ಅಷ್ಟು ದುಡ್ಡು ಹಾಕಿದ ಮೇಲೆ ಗೋಡೆ ಅನ್ನೋದು ಮನೆಯ ಭಾಗ ಆಗಿ ಉಳಿಯಲ್ಲ, ಆಸ್ತಿ ಆಗತ್ತೆ, ಕಾಪಾಡಬೇಕಾದ ವಸ್ತು ಆಗತ್ತೆ, ಎರಡು ವರ್ಷದ ಮಗು ಅಪರಾಧಿ ಆಗತ್ತೆ. ಪೇಂಟ್ ಕಂಪನಿಯವರ ಜಾಹೀರಾತಲ್ಲಿ ಮಗು ಗೀಚತ್ತೆ, ಅಮ್ಮ ನಗ್ತಾ ಬಂದು ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸ್ತಾಳೆ, ಗೋಡೆ ಹೊಳೆಯತ್ತೆ. ಆ ಅಮ್ಮನ ಮನೆ ಸ್ವಂತದ್ದು ಅಂತ ನಂಗೆ ಗ್ಯಾರಂಟಿ, ಬಾಡಿಗೆ ಮನೆಗೆ ಆ ಕ್ವಾಲಿಟಿ ಪೇಂಟು ಯಾರು ಹೊಡೆಸ್ತಾರೆ.

ಕ್ರೆಯಾನ್ ಅಂದ್ರೆ ಬಣ್ಣ ಕಲಸಿದ ಮೇಣ ಅಷ್ಟೇ. ಅಮೆರಿಕದಲ್ಲಿ 1903ರಲ್ಲಿ ಕ್ರಯೋಲಾ ಅಂತ ಎಂಟು ಬಣ್ಣದ ಡಬ್ಬಿ ಮಾರೋಕೆ ಶುರು ಮಾಡಿದಾಗಿಂದ ಅಮ್ಮಂದಿರು ಇದನ್ನ ಉಜ್ಜುತ್ತಾನೇ ಇರ್ಬೇಕು. ಮೇಣಕ್ಕೆ ನೀರು ಹತ್ತಲ್ಲ, ಒದ್ದೆ ಬಟ್ಟೆಯಲ್ಲಿ ಉಜ್ಜಿದ್ರೆ ಬಟ್ಟೆ ಕ್ಲೀನಾಗತ್ತೆ ಅಷ್ಟೇ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಕರಗತ್ತೆ, ಆಮೇಲೆ ಅಲ್ಲಿ ಎಣ್ಣೆ ಕಲೆ ಉಳಿಯತ್ತೆ. ಟೂತ್‌ಪೇಸ್ಟಲ್ಲಿ ಉಜ್ಜು ಅಂತ ಪಕ್ಕದ ಮನೆ ಅಕ್ಕ ಹೇಳಿದ್ರು, ಹೋಗತ್ತೆ ನಿಜ, ಅದರಲ್ಲಿರೋ ನುಣ್ಣನೆ ಪುಡಿ ಕ್ರೆಯಾನ್ ಜೊತೆ ಪೇಂಟನ್ನೂ ತೆಗೆಯತ್ತೆ, ಕೆನೆ ಗೋಡೆ ಮೇಲೆ ಸೂರ್ಯ ಇದ್ದ ಜಾಗದಲ್ಲಿ ಈಗ ಸೂರ್ಯನ ಸೈಜಿಗೆ ಬಿಳಿ ಮಚ್ಚೆ. ಪೆನ್ಸಿಲ್ ಬಿಡಿ, ರಬ್ಬರಲ್ಲಿ ಹೋಗತ್ತೆ. ಬಾಲ್ ಪೆನ್ ಕಷ್ಟ. ಸ್ಕೆಚ್ ಪೆನ್ನು, ಮಾರ್ಕರು ಅಂದ್ರೆ ಮುಗೀತು. ಮೇಲ್ಗಡೆ ಫ್ಲ್ಯಾಟಿಗೆ ಬಂದಿದ್ದ ಪೇಂಟರನ್ನ ಕರೆದು ತೋರಿಸ್ದೆ, ಅವರು ಕೈ ಕಟ್ಕೊಂಡು ಗೋಡೆ ಉದ್ದಕ್ಕೂ ಒಂದು ರೌಂಡ್ ಹಾಕಿ, "ಕ್ರೆಯಾನ್ ಎಲ್ಲ ನಾವು ಉಜ್ಜಿ ಹೊಡೀತೀವಿ ಮೇಡಮ್, ಸ್ಕೆಚ್ ಪೆನ್ ಇದ್ರೆ ಮಾತ್ರ ಹೇಳ್ಬಿಡಿ" ಅಂದ್ರು. ಯಾಕೆ ಅಂದ್ರೆ, ಪ್ರೈಮರ್ ಹೊಡೀದೆ ಬರೀ ಪೇಂಟ್ ಹೊಡೆದ್ರೆ ಆ ಇಂಕು ಹೊಸ ಪೇಂಟಿನ ಒಳಗಿಂದ ಊರಿ ಮೇಲಕ್ಕೆ ಬರತ್ತಂತೆ. ಎರಡು ಕೋಟ್ ಹೊಡೆದ ಮೇಲೂ ಒಂದು ವಾರಕ್ಕೆ ಕೆಂಪು ಆನೆ ವಾಪಸ್ ಬಂದಿದ್ದು ನೋಡಿದೀನಿ ಅಂದ್ರು. ಆವತ್ತೇ ಸ್ಕೆಚ್ ಪೆನ್ನಿನ ಡಬ್ಬಿ ದೇವರ ಗೂಡಿನ ಮೇಲೆ ಹೋಯ್ತು.

ಇನ್ನು ಇದರ ಖರ್ಚಿನ ಬಗ್ಗೆ ನಮ್ಮನೆಯವರದ್ದೊಂದು ವಾದ ಇದೆ. ಬೆಂಗಳೂರಲ್ಲಿ ಬಾಡಿಗೆಗಿದ್ದವರಿಗೆಲ್ಲ ಗೊತ್ತಿರತ್ತೆ, ಅಡ್ವಾನ್ಸ್ ಅಂತ ಹಿಂದೆ ಹತ್ತು ತಿಂಗಳ ಬಾಡಿಗೆ ಇಸ್ಕೊಳ್ತಿದ್ರು, ಈಗ ಎಷ್ಟೋ ಕಡೆ ಐದಾರಕ್ಕೆ ಇಳಿದಿದೆ, ಆದ್ರೆ ಖಾಲಿ ಮಾಡೋವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋದು ಮಾತ್ರ ಹಾಗೇ ಇದೆ. ಅಗ್ರಿಮೆಂಟಲ್ಲೇ ಬರೆದಿರ್ತಾರೆ. ನೀವು ಗೋಡೆನ ಗ್ಲೌಸ್ ಹಾಕ್ಕೊಂಡು ಮುಟ್ಟಿದ್ರೂ ಅಷ್ಟೇ, ಮಸಿ ಬಳಿದ್ರೂ ಅಷ್ಟೇ. "ಹಾಗಿದ್ಮೇಲೆ ಮಕ್ಕಳು ಗೀಚದೇ ಇರೋದೇ ನಷ್ಟ ಅಲ್ವೇನೇ, ದುಡ್ಡು ಆಗ್ಲೇ ಕೊಟ್ಟಾಗಿದೆ" ಅಂತಾರೆ ಇವರು. ಅಕೌಂಟ್ಸಲ್ಲಿ ಕೆಲಸ ಮಾಡೋರ ಜೊತೆ ಇಂಥ ವಿಷಯದಲ್ಲಿ ವಾದ ಗೆಲ್ಲೋಕಾಗಲ್ಲ. ಆದ್ರೆ ನಲ್ಲಿ ಸೋರ್ತಿದೆ ನೋಡ್ತೀನಿ ಅಂತ ಓನರ್ ಅಂಕಲ್ ಮೇಲೆ ಬಂದ ದಿನ ಸೋಫಾನ ಗೋಡೆಗೆ ಒತ್ತಿದವರೂ ಇವರೇ, ಅದರ ಮೇಲೆ ದಿಂಬು ಎತ್ತರಕ್ಕೆ ಜೋಡಿಸಿದವರೂ ಇವರೇ. ಅಂಕಲ್ ನಲ್ಲಿ ನೋಡಿದ್ರು, ಸೋಫಾ ನೋಡಿದ್ರು, ಕಾಫಿ ಕುಡಿದ್ರು. ಎದ್ದು ಹೋಗ್ತಾ, "ನಮ್ ಮೊಮ್ಮಗನೂ ಸೋಫಾ ಹಿಂದೆನೇ ಬರೆಯೋದು" ಅಂದ್ರು.

ಪೂರ್ತಿ ಬಿಟ್ಟಿಲ್ಲ ಮತ್ತೆ, ಒಂದು ಗೋಡೆಗೆ ದೊಡ್ಡ ಬಿಳಿ ಚಾರ್ಟ್ ಅಂಟಿಸಿ ಇಲ್ಲೇ ಬರೀಬೇಕು ಅಂತ ಮಾಡಿದ್ವಿ. ಅಲ್ಲೇ ಬರೆದ್ಲು. ರೈಲು ಬರೆದ್ಲು. ಇಂಜಿನ್, ಎರಡು ಬೋಗಿ ಚಾರ್ಟ್ ಒಳಗಿತ್ತು, ಮಿಕ್ಕಿದ್ದು ಗೋಡೆ ಮೇಲೆ ಹೊರಟು ಮೂಲೆ ತಿರುಗಿ ಬೆಡ್‌ರೂಮ್ ಬಾಗಿಲ ತನಕ ಹೋಗಿತ್ತು. ಅದಕ್ಕೇನು ಬೈಯೋದು, ರೈಲು ಉದ್ದನೇ ಇರತ್ತೆ.

ಈಗ ಅವಳು ಯುಕೆಜಿ. ಕಲರಿಂಗ್ ಬುಕ್ಕಿದೆ, ಗೆರೆ ಆಚೆ ಬಣ್ಣ ಹೋಗಬಾರದು, ಮರಕ್ಕೆ ಹಸಿರೇ ಹಾಕ್ಬೇಕು. ಹೋದ ವರ್ಷದ ತನಕ ನಮ್ಮನೆ ಗೋಡೆ ಮೇಲೆ ನೇರಳೆ ಮರಗಳಿದ್ವು, ನೇರಳೆ ಹಣ್ಣಿನ ಮರ ಅಲ್ಲ, ನೇರಳೆ ಬಣ್ಣದ ಮರ. ಗೋಡೆ ಮೇಲೆ ಬರೆಯೋದನ್ನ ಅವಳು ಯಾವಾಗ ಬಿಟ್ಟಳೋ ಗೊತ್ತೇ ಆಗಲಿಲ್ಲ, ನಾವು ಹೇಳಿ ಹೇಳಿ ಸಾಕಾಗಿ ಸುಮ್ಮನಾದ ಮೇಲೆ ಯಾವಾಗ್ಲೋ ತಾನಾಗೇ ನಿಂತಿದೆ, ಸ್ವಿಚ್ ಬೋರ್ಡಿನ ಎತ್ತರದಲ್ಲಿ ಕೊನೇ ಚಿತ್ರ. ಬಿಟ್ಟಿದ್ದೂ ಅಲ್ಲದೆ ಈಗ ತಮ್ಮನ ಮೇಲೆ ಪೊಲೀಸ್ ಕೆಲಸ ಶುರು ಮಾಡಿದಾಳೆ. ಮೊನ್ನೆ ನಾನು ಚಪಾತಿ ಹಿಟ್ಟು ಕಲಸ್ತಿದೀನಿ, ಕಿರುಚ್ಕೊಂಡು ಬಂದ್ಲು.

"ಅಮ್ಮಾ, ಇವ್ನು ಗೋಡೆ ಮೇಲೆ ಗೀಚ್ತಿದಾನೆ! ಬೇಗ ಬಾ!"

"ನೀನೂ ಗೀಚಿದ್ಯಲ್ಲೇ ಅವನಷ್ಟಿದ್ದಾಗ."

"ನಂದು ಡ್ರಾಯಿಂಗು. ಅವನದ್ದು ಗೀಚು."

ಹೋಗಿ ನೋಡಿದ್ರೆ ಅವಳ ರೈಲಿನ ಬೋಗಿಗಳ ಮೇಲೆಲ್ಲ ಇವನ ಬಾಗಿದ ಗೆರೆಗಳು, ಭುಜದಿಂದ ಬೀಸಿರೋವು. ಒಂದು ಕೈಯಲ್ಲಿ ಬಿಸ್ಕೆಟ್. ಅಕ್ಕ ತಮ್ಮ ಇಬ್ಬರಿಗೂ ಸಮಾಧಾನ ಹೇಳಿ, ಇದು ಇಬ್ಬರ ಗೋಡೆನೂ ಹೌದು, ಆ ಕಡೆ ಅಕ್ಕನದ್ದು ಈ ಕಡೆ ಪುಟ್ಟಂದು ಅಂತ ಪಂಚಾಯ್ತಿ ಮಾಡಿ ನಾನು ಹಿಟ್ಟಿನ ಕೈ ತೊಳ್ಕೊಳ್ಳೋಕೆ ಒಳಗೆ ಹೋದೆ. ಬರೋದ್ರೊಳಗೆ ಇವಳು ಕುರ್ಚಿ ಹಾಕಿ ದೇವರ ಗೂಡಿನ ಮೇಲಿಂದ ಡಬ್ಬಿ ಇಳಿಸಿದಾಳೆ. ತಮ್ಮ ಇಲ್ಲಿಂದ ಈಚೆಗೆ ಬರಬಾರದು ಅಂತ, ಕೈ ಎಟುಕೋಷ್ಟು ಎತ್ತರದಿಂದ ನೆಲದ ತನಕ ನೆಟ್ಟಗೆ ಒಂದು ಬಾರ್ಡರ್ ಎಳೆದು ನಿಂತಿದ್ಲು, ಕಪ್ಪು ಸ್ಕೆಚ್ ಪೆನ್ನಲ್ಲಿ.