ಅರ್ಧ ಅಂಕದ ಬಲ್ಬು

ಸಂಕ್ರಾಂತಿ ಕಳೆದು ಬಂದ ಕರೆಂಟ್ ಬಿಲ್ಲನ್ನು ನೋಡಿ, ಇದು ಪಕ್ಕದ ಮನೆಯದಿರಬೇಕು ಎಂದು ಹೆಸರು ಓದಿದೆ. ದುರದೃಷ್ಟಕ್ಕೆ ನನ್ನದೇ ಹೆಸರಿತ್ತು. ಮನೆಯೊಳಗಿನ ಯಾವುದೋ ಉಪಕರಣ ಕದ್ದು ಕರೆಂಟ್ ಕುಡಿಯುತ್ತಿದೆ, ಅದನ್ನು ಹಿಡಿದೇ ತೀರುತ್ತೇನೆ ಎಂದು ಸಾರಿದೆ. ‘ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸೋಣ’ ಎಂದಳು ಹೆಂಡತಿ. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ 92 ತೆಗೆದವನಿಗೆ ಹೇಳುವ ಮಾತೇ ಇದು?

ನ್ಯಾಯವಾಗಿ ಅದು ತೊಂಬತ್ತೆರಡೂವರೆ ಆಗಬೇಕಿತ್ತು. ಓಮ್‌ನ ನಿಯಮವನ್ನು ನಿರೂಪಿಸಿ ಎಂಬ ಪ್ರಶ್ನೆಗೆ, ವಾಹಕದಲ್ಲಿ ಹರಿಯುವ ವಿದ್ಯುತ್ ಪ್ರವಾಹವು ಅದರ ತುದಿಗಳ ನಡುವಿನ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂದು ದುಂಡಗೆ ಬರೆದಿದ್ದೆ. ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ತಾಪ ಸ್ಥಿರವಾಗಿದ್ದಾಗ’ ಎಂದು ಗೀಚಿ ಅರ್ಧ ಅಂಕ ಕಿತ್ತುಕೊಂಡರು. ಎರಡು ಪದಕ್ಕೆ ಅರ್ಧ ಅಂಕವೇ ಎಂದು ಸಿಬ್ಬಂದಿ ಕೊಠಡಿಯವರೆಗೂ ಹೋಗಿ ವಾದಿಸಿದ್ದೆ. 1827ರಲ್ಲಿ ಈ ನಿಯಮವನ್ನು ಪುಸ್ತಕದಲ್ಲಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಸೈಮನ್ ಓಮ್ ಕೂಡ ಶಾಲಾ ಮೇಷ್ಟ್ರಾಗಿದ್ದವರೇ. ಅಲ್ಲಿಗೆ ನನ್ನ ದೂರನ್ನು ಕೇಳುವವರು ಯಾರೂ ಇರಲಿಲ್ಲ.

ಇರಲಿ. ಪೇಟೆಗೆ ಹೋಗಿ ವಿದ್ಯುತ್ತನ್ನು ಅಳೆಯುವ, ಹಳದಿ ಬಣ್ಣದ ಒಂದು ಅಗ್ಗದ ಮಲ್ಟಿಮೀಟರ್ ತಂದೆ. ನನ್ನ ಯೋಜನೆ ಸರಳವಾಗಿತ್ತು. ಮನೆಗೆ ಬರುವ ವೋಲ್ಟೇಜು, ಅಂದರೆ ಆ ವಿಭವಾಂತರ, 230. ಕರೆಂಟಿನ ಹರಿವಿಗೆ ಉಪಕರಣ ಒಡ್ಡುವ ತಡೆಯನ್ನು, ಅಂದರೆ ರೋಧವನ್ನು, ಓಮ್‌ನಲ್ಲಿ ಅಳೆದು ಅದರಿಂದ 230ನ್ನು ಭಾಗಿಸಿದರೆ ಹರಿಯುವ ಪ್ರವಾಹ, ಆಂಪಿಯರ್‌ನಲ್ಲಿ. ಅದನ್ನು ಮತ್ತೆ 230ರಿಂದ ಗುಣಿಸಿದರೆ ವ್ಯಾಟ್. ಕಳ್ಳ ಎಲ್ಲಿ ತಪ್ಪಿಸಿಕೊಳ್ಳುತ್ತಾನೆ?

ಮೊದಲ ಆರೋಪಿ ನೀರು ಕಾಯಿಸುವ ರಾಡ್. ಪ್ಲಗ್ಗಿನ ಎರಡು ಪಿನ್ನುಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿದೆ. 35 ಓಮ್. ಭಾಗಿಸಿದರೆ 6.57 ಆಂಪಿಯರ್, ಗುಣಿಸಿದರೆ 1,511 ವ್ಯಾಟ್. ರಾಡಿನ ಮೇಲೆ 1,500 ಎಂದೇ ಬರೆದಿತ್ತು. ‘ರಾಡ್ ಸಂಭಾವಿತ’ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಆ ಹೊತ್ತಿನ ನನ್ನ ಮುಖವನ್ನು ಮೇಷ್ಟ್ರು ನೋಡಬೇಕಿತ್ತು.

ಮುಂದಿನದು ಬಚ್ಚಲುಮನೆಯ ಹಳೆಯ 100 ವ್ಯಾಟಿನ ಬಲ್ಬು. ಹೋಲ್ಡರಿನಿಂದ ಬಿಡಿಸಿ ತಂದು ಅಳೆದೆ. 40 ಓಮ್! ಎರಡು ಸಲ ಲೆಕ್ಕ ಮಾಡಿದೆ: 5.75 ಆಂಪಿಯರ್, 1,322 ವ್ಯಾಟ್. ಮೈಮೇಲೆ ನೂರು ಎಂದು ಬರೆದುಕೊಂಡು ಹದಿಮೂರು ಪಾಲು ತಿನ್ನುವ ಬಲ್ಬು! ಹೊಟ್ಟೆ ತಣ್ಣಗಾಯಿತು. ಅದೇ ಉತ್ಸಾಹದಲ್ಲಿ ನಡುಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬನ್ನೂ ಇಳಿಸಿದೆ. ಪರದೆಯ ಎಡ ಮೂಲೆಯಲ್ಲಿ ಒಂಟಿಯಾಗಿ ‘1’ ಎಂದು ಮೂಡಿತು. ಒಂದು ಓಮ್ ಎಂದರೆ 230 ಆಂಪಿಯರ್, ಅಂದರೆ 52,900 ವ್ಯಾಟ್. ನಮ್ಮ ಮನೆಗೆ ಮಂಜೂರಾಗಿರುವುದೇ 3 ಕಿಲೋವ್ಯಾಟ್. ಇಡೀ ಬೀದಿಯ ಕರೆಂಟು ನಮ್ಮ ನಡುಮನೆಯಲ್ಲಿ ಉರಿಯುತ್ತಿದೆ ಎನ್ನಿಸಿ, ಕಿಟಕಿಯ ಪರದೆ ಎಳೆದೆ.

ಆ ಸಂಜೆ ಮನೆಯ ಅಷ್ಟೂ ಬಲ್ಬುಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಂಧನದಲ್ಲಿದ್ದವು. ಅಮ್ಮ ದೇವರ ಮನೆಯ ದೀಪದ ಬೆಳಕಿನಲ್ಲಿ ಮಾತ್ರೆ ಹುಡುಕಿ, ರಾತ್ರಿಯ ಮಾತ್ರೆಯ ಬದಲು ಬೆಳಗಿನದನ್ನು ನುಂಗಿದರು. ಹೆಂಡತಿ ನನಗೆ ಹೇಳದೆಯೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಳು.

ಬಂದವನು ಮೀಸೆ ಈಗಷ್ಟೇ ಮೂಡುತ್ತಿದ್ದ ಹುಡುಗ. ನನ್ನ ಲೆಕ್ಕದ ಪುಸ್ತಕವನ್ನು ಟಾರ್ಚಿನ ಬೆಳಕಿನಲ್ಲಿ ನಿಧಾನವಾಗಿ ಓದಿದ. ನಗಲಿಲ್ಲ, ಅದೇ ಹೆಚ್ಚು ನೋವಾಯಿತು.

‘ಸಾರ್, ಈ ಬಲ್ಬು ಅಳೆಯುವಾಗ ತಣ್ಣಗಿತ್ತಲ್ಲವೇ?’

ತಣ್ಣಗಿರದೆ? ಉರಿಯುವ ಬಲ್ಬನ್ನು ಯಾರು ಕೈಯಲ್ಲಿ ಹಿಡಿಯುತ್ತಾರೆ?

ಅವನು ವಿವರಿಸಿದ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಉರಿಯುವಾಗ ಎರಡು ಸಾವಿರ ಡಿಗ್ರಿಯನ್ನೂ ದಾಟಿ ಕಾಯುತ್ತದೆ, ಕಾದಂತೆ ಅದರ ರೋಧ ಏರುತ್ತದೆ. 100 ವ್ಯಾಟಿನ ಬಲ್ಬು ಉರಿಯುತ್ತಿರುವಾಗ ಎಳೆಯುವುದು 0.43 ಆಂಪಿಯರ್, ಅದರ ರೋಧ ಆಗ ಸುಮಾರು 529 ಓಮ್. ನಾನು ಲೆಕ್ಕ ಹಾಕಿದ 1,322 ವ್ಯಾಟ್ ಸುಳ್ಳಲ್ಲವಂತೆ, ಆದರೆ ಅದರ ಆಯುಸ್ಸು ಸ್ವಿಚ್ ಒತ್ತಿದ ಕ್ಷಣಮಾತ್ರ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದೊಡನೆ ‘ಟಪ್’ ಎಂದು ಪ್ರಾಣ ಬಿಡುವುದೂ ಇದೇ ಕಾರಣಕ್ಕೆ. ರಾಡಿನಲ್ಲಿರುವುದು ನೈಕ್ರೋಮ್ ತಂತಿ. ಕಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಅಲ್ಲಿ ನನ್ನ ಲೆಕ್ಕ ಗೆದ್ದಿತ್ತು.

ತಾಪ ಸ್ಥಿರವಾಗಿದ್ದಾಗ. ಮೂವತ್ತು ವರ್ಷಗಳ ನಂತರ ಆ ಕೆಂಪು ಶಾಯಿ ಬಚ್ಚಲುಮನೆಯ ಬಲ್ಬಿನೊಳಗಿಂದ ನನ್ನನ್ನು ನೋಡಿತು.

‘ಹಾಗಾದರೆ ಈ ಒಂದು ಓಮ್?’

‘ಅದು ಒಂದಲ್ಲ ಸಾರ್. ಈಗ ಇಟ್ಟಿರುವ ವ್ಯಾಪ್ತಿಯಲ್ಲಿ ಅಳೆಯಲಾಗದಷ್ಟು ದೊಡ್ಡದು ಎಂದು ಮೀಟರ್ ಕೈಚೆಲ್ಲಿದರೆ ಹಾಗೆ ತೋರಿಸುತ್ತದೆ.’

ಕೈಚೆಲ್ಲುವುದಕ್ಕೂ ಒಂದು ಅಂಕಿ ಇದೆಯೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಹುಡುಗ ಬಲ್ಬುಗಳನ್ನೆಲ್ಲ ಒಂದೊಂದಾಗಿ ಸ್ವಸ್ಥಾನಕ್ಕೆ ಸೇರಿಸಿದ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದ, ‘ರಾಡ್ ದಿನಾ ಎಷ್ಟು ಹೊತ್ತು ಹಾಕುತ್ತೀರಿ?’

‘ಇಪ್ಪತ್ತೇ ನಿಮಿಷ’ ಎಂದೆ.

‘ಪದಬಂಧ ಮುಗಿಯುವವರೆಗೆ’ ಎಂದಳು ಹೆಂಡತಿ, ಒಳಗಿನಿಂದಲೇ.

ಅವನು ಬಾಯಲ್ಲೇ ಲೆಕ್ಕ ಹಾಕಿದ. ಒಂದೂವರೆ ಕಿಲೋವ್ಯಾಟಿನ ರಾಡ್ ದಿನಾ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್, ತಿಂಗಳಿಗೆ 45. ಆ ಬಚ್ಚಲ ಬಲ್ಬು ಒಂದು ಯೂನಿಟ್ ತಿನ್ನಲು ಹತ್ತು ಗಂಟೆ ಉರಿಯಬೇಕು. ವೋಲ್ಟು, ಓಮು, ಆಂಪಿಯರು ಎಂದು ಪುಟ ತುಂಬಿಸಿದ್ದ ನಾನು ಗಡಿಯಾರದ ಕಡೆ ತಿರುಗಿಯೂ ನೋಡಿರಲಿಲ್ಲ. ಪುಸ್ತಕ ತೆಗೆದು ‘ರಾಡ್ ಸಂಭಾವಿತ’ ಎಂಬುದರ ಪಕ್ಕ ‘ಯಜಮಾನ ಅಲ್ಲ’ ಎಂದು ಸೇರಿಸಿದವಳು ಯಾರೆಂದು ಹೇಳಬೇಕಾಗಿಲ್ಲ.

ಮರುದಿನ ಬೆಳಗ್ಗೆ ಬಕೆಟ್ಟಿಗೆ ರಾಡ್ ಇಳಿಬಿಟ್ಟು, ಸಮಯ ನೋಡಿಕೊಂಡೇ ಪತ್ರಿಕೆ ಹಿಡಿದೆ. ಪದಬಂಧದಲ್ಲಿ ಒಂದೇ ಒಂದು ಉಳಿದಿತ್ತು: ‘ತಡೆ, ಅಡ್ಡಿ – ಎರಡಕ್ಷರ’. ಮೊದಲನೆಯದು ‘ರೋ’ ಎಂದು ಮೇಲಿನಿಂದ ಕೆಳಕ್ಕೆ ಸಿಕ್ಕಿತ್ತು. ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ ಬಚ್ಚಲುಮನೆಯಿಂದ ನೀರು ಕೊತಕೊತ ಕುದಿಯುವ ಸದ್ದು ಕೇಳಿಸಿತು.